ಬೆಟ್ಟದ ನೆಲ್ಲಿಯಿಂದ ಬೇಲಿಯ ಕವಳೆಯವರೆಗೆ: ತುಮಕೂರು ಸೀಮೆಯ ಕಾಡುಹಣ್ಣುಗಳಲ್ಲಿ ಅಡಗಿದ ಪೌಷ್ಟಿಕತೆ

ತುಮಕೂರು: ನಗರದ ದೊಡ್ಡ ಅಂಗಡಿಗಳ ಶೀತಲ ಕಪಾಟುಗಳಲ್ಲಿ ಇಂದು ಬ್ಲೂಬೆರ್ರಿ, ಕಿವಿ ಮುಂತಾದ ವಿದೇಶಿ ಹಣ್ಣುಗಳು ಅಚ್ಚುಕಟ್ಟಾದ ಪೆಟ್ಟಿಗೆಗಳಲ್ಲಿ ಕುಳಿತಿವೆ. ಅವುಗಳ ಮೇಲೆ 'ಆಂಟಿಆಕ್ಸಿಡೆಂಟ್ ಸಮೃದ್ಧ' ಎಂಬ ಘೋಷಣೆ ತಪ್ಪುವುದಿಲ್ಲ. ಅದೇ ಸಮಯದಲ್ಲಿ ನಗರದಿಂದ ಕೆಲವೇ ಕಿಲೋಮೀಟರ್ ದೂರದ ದೇವರಾಯನದುರ್ಗದ ಇಳಿಜಾರಿನಲ್ಲಿ, ಗುಬ್ಬಿಯ ತೋಟಗಳ ಬೇಲಿಯಲ್ಲಿ, ಕುಣಿಗಲ್ ತಾಲ್ಲೂಕಿನ ಹುತ್ರಿದುರ್ಗದ ಕಲ್ಲುಬಂಡೆಗಳ ಸಂದಿಯಲ್ಲಿ ನೆಲ್ಲಿ, ನೇರಳೆ, ಕವಳೆ, ಎಲಚಿ, ಈಚಲು ಹಣ್ಣಾಗಿ ಉದುರುತ್ತವೆ. ಇವುಗಳ ಮೇಲೆ ಯಾವ ಚೀಟಿಯೂ ಇಲ್ಲ, ಘೋಷಣೆಯೂ ಇಲ್ಲ. ಆದರೆ ವಿಟಮಿನ್ 'ಸಿ'ಯ ಲೆಕ್ಕಕ್ಕೆ ಬಂದರೆ 100 ಗ್ರಾಂ ಬ್ಲೂಬೆರ್ರಿಯಲ್ಲಿರುವುದು ಸುಮಾರು 10 ಮಿಲಿಗ್ರಾಂ. ಅಷ್ಟೇ ತೂಕದ ನೆಲ್ಲಿಕಾಯಿಯಲ್ಲಿ 250 ಮಿಲಿಗ್ರಾಂಗಿಂತ ಹೆಚ್ಚು.

ಹಾಗೆಂದು ಕಾಡಿನ ಹಣ್ಣೆಲ್ಲ ಅಮೃತವಲ್ಲ. ಕೆಲವು ವಿಷಕಾರಿ. ಕೆಲವಕ್ಕೆ ಇಲ್ಲದ ಗುಣಗಳನ್ನು ಆರೋಪಿಸಿ ಪುಡಿ, ರಸ, ಮಾತ್ರೆಗಳ ರೂಪದಲ್ಲಿ ದುಬಾರಿ ಬೆಲೆಗೆ ಮಾರಲಾಗುತ್ತಿದೆ. ಈ ಹಣ್ಣುಗಳಲ್ಲಿ ನಿಜವಾಗಿ ಇರುವುದೇನು, ಇಲ್ಲದಿರುವುದೇನು, ಯಾವುದನ್ನು ಮುಟ್ಟಬಾರದು ಎಂಬುದರ ಸಂಕ್ಷಿಪ್ತ ಪರಿಚಯ ಇಲ್ಲಿದೆ.

ಬಯಲುಸೀಮೆಯ ಹಣ್ಣಿನ ಬುಟ್ಟಿ

ತುಮಕೂರು ಜಿಲ್ಲೆ ಮಲೆನಾಡಲ್ಲ. ಇಲ್ಲಿನ ಅರಣ್ಯ ಬಹುಪಾಲು ಎಲೆ ಉದುರುವ ಒಣ ಕಾಡು ಹಾಗೂ ಮುಳ್ಳುಪೊದೆಗಳ ಕುರುಚಲು. ಶಿಂಷಾ ಮತ್ತು ಜಯಮಂಗಲಿ ನದಿಗಳ ಉಗಮಸ್ಥಾನವಾದ ದೇವರಾಯನದುರ್ಗ ಔಷಧೀಯ ಸಸ್ಯಗಳಿಗೆ ಬಹುಕಾಲದಿಂದ ಹೆಸರಾಗಿದೆ. ನಾಮದ ಚಿಲುಮೆಗೆ ಹೋಗುವ ಪ್ರವಾಸಿಗರು ಈ ಕಾಡಿನ ನಡುವೆಯೇ ಹಾದುಹೋಗುತ್ತಾರೆ. ಕೊರಟಗೆರೆ ತಾಲ್ಲೂಕಿನ ಸಿದ್ಧರಬೆಟ್ಟವೂ ಗಿಡಮೂಲಿಕೆಗಳ ಬೆಟ್ಟವೆಂದೇ ಪ್ರಸಿದ್ಧ. ಕುಣಿಗಲ್ ತಾಲ್ಲೂಕಿನಲ್ಲಿ ಹುತ್ರಿದುರ್ಗ, ಹುಲಿಯೂರುದುರ್ಗದ ಬೆಟ್ಟಸಾಲುಗಳಿವೆ. ಗುಬ್ಬಿ ತಾಲ್ಲೂಕು ತೆಂಗು, ಅಡಿಕೆಗೆ ಪ್ರಸಿದ್ಧವಾದರೂ ಅಲ್ಲಿಯ ಕಾವಲುಗಳು, ಕೆರೆ ಏರಿಗಳು, ಹೊಲದ ಬದುಗಳು ಹಿಂದಿನಿಂದಲೂ ಕಾಡುಹಣ್ಣಿನ ನೆಲೆಗಳು.

ನೀರಿನ ಕೊರತೆ, ಸುಡುಬಿಸಿಲು, ಕಲ್ಲುನೆಲ ಇವುಗಳ ನಡುವೆ ಬದುಕುವ ಸಸ್ಯ ತನ್ನನ್ನು ರಕ್ಷಿಸಿಕೊಳ್ಳಲು ಹಲವು ರಾಸಾಯನಿಕಗಳನ್ನು ತಯಾರಿಸಿಕೊಳ್ಳುತ್ತದೆ. ಬಿಸಿಲಿನ ಹೊಡೆತ ತಡೆಯುವ ಬಣ್ಣದ ದ್ರವ್ಯಗಳು, ಕೀಟಗಳನ್ನು ದೂರವಿಡುವ ಒಗರು ಪದಾರ್ಥಗಳು ಇವುಗಳಲ್ಲಿ ಮುಖ್ಯ. ನಾಲಿಗೆಗೆ ಒಗರು, ಹುಳಿ, ಕಹಿಯಾಗಿ ತಿಳಿಯುವ ಇವೇ ಪದಾರ್ಥಗಳು ಪ್ರಯೋಗಾಲಯದಲ್ಲಿ 'ಆಂಟಿಆಕ್ಸಿಡೆಂಟ್' ಎಂಬ ಹೆಸರು ಪಡೆಯುತ್ತವೆ.

ಸಸ್ಯಶಾಸ್ತ್ರದ ಕಟ್ಟುನಿಟ್ಟಿನ ಅರ್ಥದಲ್ಲಿ ಇವೆಲ್ಲವೂ 'ಬೆರ್ರಿ'ಗಳಲ್ಲ. ಕವಳೆ, ಗಣಿಕೆ, ಗುಪ್ಪಟೆ, ಪಾಪಾಸುಕಳ್ಳಿ ಹಣ್ಣುಗಳು ಬೆರ್ರಿ ವರ್ಗಕ್ಕೆ ಸೇರುತ್ತವೆ. ನೆಲ್ಲಿ ಮತ್ತು ಎಲಚಿ ಗಟ್ಟಿ ಓಟೆಯುಳ್ಳ ಹಣ್ಣುಗಳು. ಆದರೆ ಜನಬಳಕೆಯಲ್ಲಿ ಗಾತ್ರದಲ್ಲಿ ಚಿಕ್ಕದಾದ, ರಸವುಳ್ಳ ಕಾಡುಹಣ್ಣುಗಳೆಲ್ಲವನ್ನೂ ಒಂದೇ ಸಾಲಿನಲ್ಲಿ ಇರಿಸುವುದು ವಾಡಿಕೆ.

ಆಂಟಿಆಕ್ಸಿಡೆಂಟ್ ಎಂದರೇನು?

ಉಸಿರಾಡಿದ ಆಮ್ಲಜನಕವನ್ನು ಬಳಸಿ ಶರೀರ ಶಕ್ತಿ ಉತ್ಪಾದಿಸುವಾಗ 'ಫ್ರೀ ರ್‍ಯಾಡಿಕಲ್' ಎಂಬ ಅಸ್ಥಿರ ಕಣಗಳು ಹುಟ್ಟುತ್ತವೆ. ತಂಬಾಕಿನ ಹೊಗೆ, ವಾಯುಮಾಲಿನ್ಯ, ಅತಿಯಾದ ಬಿಸಿಲು ಇವುಗಳ ಪ್ರಮಾಣವನ್ನು ಹೆಚ್ಚಿಸುತ್ತವೆ. ಇವು ಜೀವಕೋಶದ ಪೊರೆ, ಪ್ರೋಟೀನ್ ಹಾಗೂ ಡಿಎನ್‌ಎಗೆ ಹಾನಿ ಮಾಡಬಲ್ಲವು. ವೃದ್ಧಾಪ್ಯಕ್ಕೆ ಈ ಹಾನಿಯೇ ಕಾರಣವೆಂಬ ಸಿದ್ಧಾಂತವನ್ನು ಅಮೆರಿಕದ ವಿಜ್ಞಾನಿ ಡೆನ್‌ಹ್ಯಾಮ್ ಹಾರ್ಮನ್ 1956ರಲ್ಲಿ ಮಂಡಿಸಿದರು. ಈ ಕಣಗಳನ್ನು ಶಮನಗೊಳಿಸುವ ಪದಾರ್ಥವೇ ಆಂಟಿಆಕ್ಸಿಡೆಂಟ್. ಕನ್ನಡದಲ್ಲಿ ಇದನ್ನು ಉತ್ಕರ್ಷಣ ನಿರೋಧಕ ಎನ್ನಲಾಗುತ್ತದೆ.

ಕತ್ತರಿಸಿಟ್ಟ ಬದನೆಕಾಯಿ ಗಾಳಿಗೆ ಕಪ್ಪಾಗುವುದು ಉತ್ಕರ್ಷಣೆಯ ಫಲ. ಅದರ ಮೇಲೆ ನಿಂಬೆರಸ ಹಿಂಡಿದರೆ ಕಪ್ಪಾಗುವುದು ತಡವಾಗುತ್ತದೆ. ನಿಂಬೆಯ ಹುಳಿ ಮತ್ತು ವಿಟಮಿನ್ 'ಸಿ' ಈ ಕೆಲಸ ಮಾಡುತ್ತವೆ. ಅಡುಗೆಮನೆಯ ಈ ಉದಾಹರಣೆಯಿಂದ ವಿಷಯ ಸ್ಥೂಲವಾಗಿ ಮನದಟ್ಟಾದೀತು.

ಕಾಡುಹಣ್ಣುಗಳಲ್ಲಿ ಮುಖ್ಯವಾಗಿ ನಾಲ್ಕು ಬಗೆಯ ಉತ್ಕರ್ಷಣ ನಿರೋಧಕಗಳಿವೆ. ಮೊದಲನೆಯದು ವಿಟಮಿನ್ 'ಸಿ'. ಎರಡನೆಯದು ನೇರಳೆ, ಕವಳೆಗಳಿಗೆ ಕಡುಬಣ್ಣ ನೀಡುವ ಆಂಥೋಸಯನಿನ್. ಮೂರನೆಯದು ಒಗರಿಗೆ ಕಾರಣವಾದ ಟ್ಯಾನಿನ್ ಮತ್ತು ಅದರ ಬಂಧುಗಳಾದ ಫೀನಾಲ್ ಸಂಯುಕ್ತಗಳು. ನಾಲ್ಕನೆಯದು ಹಳದಿ, ಕೇಸರಿ ಬಣ್ಣದ ಕ್ಯಾರೊಟಿನಾಯ್ಡ್‌ಗಳು.

ಬೆಟ್ಟದ ನೆಲ್ಲಿ

ಕಾಡುಹಣ್ಣುಗಳ ಪೈಕಿ ಅಗ್ರಸ್ಥಾನ ನೆಲ್ಲಿಗೇ ಸಲ್ಲಬೇಕು. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಫಿಲ್ಲಾಂಥಸ್ ಎಂಬ್ಲಿಕಾ. ಸಂಸ್ಕೃತದ ಆಮಲಕಿಯನ್ನು ಚರಕ ಸಂಹಿತೆ ರಸಾಯನ ದ್ರವ್ಯಗಳಲ್ಲಿ ಶ್ರೇಷ್ಠವೆಂದು ಪರಿಗಣಿಸಿದೆ. ಅಳಲೆ, ತಾರೆಯೊಡನೆ ಸೇರಿ ತ್ರಿಫಲಾ ಚೂರ್ಣವಾಗುವುದೂ, ಚ್ಯವನಪ್ರಾಶದ ಮೂಲದ್ರವ್ಯವಾಗುವುದೂ ಇದೇ ನೆಲ್ಲಿ. ಕಾರ್ತಿಕ ಮಾಸದ ಉತ್ಥಾನ ದ್ವಾದಶಿಯಂದು ತುಳಸಿಕಟ್ಟೆಯಲ್ಲಿ ಕಾಯಿಯುಳ್ಳ ನೆಲ್ಲಿಕೊಂಬೆ ನೆಡುವ ಸಂಪ್ರದಾಯ ನಾಡಿನ ಮನೆಮನೆಗೂ ಪರಿಚಿತ. ಫಸಲು ಆರಂಭವಾಗುವುದೂ ಆ ದಿನಗಳಲ್ಲಿಯೇ.

ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತೆ ಸಂಸ್ಥೆ ಪ್ರಕಟಿಸಿದ್ದ ಹಳೆಯ ಕೋಷ್ಟಕಗಳಲ್ಲಿ 100 ಗ್ರಾಂ ನೆಲ್ಲಿಯಲ್ಲಿ 600 ಮಿಲಿಗ್ರಾಂ ವಿಟಮಿನ್ 'ಸಿ' ಎಂದು ದಾಖಲಾಗಿತ್ತು. ಇಂದಿಗೂ ಹಲವೆಡೆ ಇದೇ ಅಂಕಿ ಉಲ್ಲೇಖವಾಗುತ್ತಿದೆ. ಆದರೆ ಅದೇ ಸಂಸ್ಥೆ 528 ಆಹಾರ ಪದಾರ್ಥಗಳನ್ನು ಹೊಸ ವಿಧಾನಗಳಿಂದ ವಿಶ್ಲೇಷಿಸಿ 2017ರಲ್ಲಿ ಹೊರತಂದ ಭಾರತೀಯ ಆಹಾರ ಸಂಯೋಜನಾ ಕೋಷ್ಟಕದಲ್ಲಿ ಇದು 252 ಮಿಲಿಗ್ರಾಂ. ಅಂಕಿ ಅರ್ಧಕ್ಕಿಂತ ಕಡಿಮೆಯಾದರೂ ನೆಲ್ಲಿಯ ಹಿರಿಮೆಗೆ ಕುಂದಿಲ್ಲ. ಕಿವಿ ಹಣ್ಣಿನಲ್ಲಿರುವುದು ಸುಮಾರು 93 ಮಿಲಿಗ್ರಾಂ ಮಾತ್ರ. ಸಾಮಾನ್ಯ ಹಣ್ಣುಗಳಲ್ಲಿ ನೆಲ್ಲಿಯ ಸಮೀಪಕ್ಕೆ ಬರುವುದು ಸೀಬೆಹಣ್ಣೊಂದೇ. ಅದರಲ್ಲಿ 200 ಮಿಲಿಗ್ರಾಂಗಿಂತ ಹೆಚ್ಚಿದೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ರಾಷ್ಟ್ರೀಯ ಪೌಷ್ಟಿಕತೆ ಸಂಸ್ಥೆಯ 2020ರ ಶಿಫಾರಸಿನ ಪ್ರಕಾರ ವಯಸ್ಕ ಪುರುಷರಿಗೆ ದಿನಕ್ಕೆ 80 ಮಿಲಿಗ್ರಾಂ, ಮಹಿಳೆಯರಿಗೆ 65 ಮಿಲಿಗ್ರಾಂ ವಿಟಮಿನ್ 'ಸಿ' ಸಾಕು. 30 ಗ್ರಾಂ ನೆಲ್ಲಿ ತಿರುಳಿನಲ್ಲಿ ಸುಮಾರು 75 ಮಿಲಿಗ್ರಾಂ ದೊರೆಯುತ್ತದೆ. ತೋಟದ ದಪ್ಪ ನೆಲ್ಲಿಯಾದರೆ ಒಂದು, ಬೆಟ್ಟದ ಚಿಕ್ಕ ನೆಲ್ಲಿಯಾದರೆ ನಾಲ್ಕಾರು ಕಾಯಿಗಳಲ್ಲಿ ದಿನದ ಅಗತ್ಯ ಬಹುತೇಕ ಪೂರೈಸಿದಂತಾಯಿತು.

ವಿಟಮಿನ್ 'ಸಿ' ಬಿಸಿಗೆ, ಬೆಳಕಿಗೆ, ಗಾಳಿಗೆ ಬಹುಬೇಗ ನಾಶವಾಗುವ ಸ್ವಭಾವದ್ದು. ತಾಮ್ರದ ಪಾತ್ರೆಯಲ್ಲಿ ಈ ನಾಶ ಇನ್ನೂ ವೇಗವಾಗಿ ನಡೆಯುತ್ತದೆ. ಆದ್ದರಿಂದ ಹಸಿಯಾಗಿ ತಿನ್ನುವುದು, ಇಲ್ಲವೇ ಕೂಡಲೇ ರುಬ್ಬಿ ಚಟ್ನಿ, ತಂಬುಳಿ ಮಾಡಿ ಬಳಸುವುದು ಉತ್ತಮ. ಉಪ್ಪಿನಕಾಯಿಯಲ್ಲಿ ಉಪ್ಪು ಹೆಚ್ಚು, ಮೊರಬ್ಬದಲ್ಲಿ ಸಕ್ಕರೆ ಹೆಚ್ಚು ಎಂಬುದನ್ನು ರಕ್ತದೊತ್ತಡ, ಮಧುಮೇಹ ಇರುವವರು ಮರೆಯಬಾರದು. ನೆಲ್ಲಿ ತಿಂದು ನೀರು ಕುಡಿದರೆ ಬಾಯಿ ಸಿಹಿಯಾಗುತ್ತದೆ ಎಂಬುದು ಎಲ್ಲರ ಬಾಲ್ಯದ ಅನುಭವ.

ನೇರಳೆ

ಮುಂಗಾರು ಮಳೆ ಕಾಲೂರುವ ಜೂನ್, ಜುಲೈ ತಿಂಗಳುಗಳು ನೇರಳೆಯ ಕಾಲ. ಗಾತ್ರದಲ್ಲಿ ದೊಡ್ಡದು ಜಂಬುನೇರಳೆ, ಕೆರೆಕಟ್ಟೆ, ಹಳ್ಳಗಳ ಬದಿಯಲ್ಲಿ ತಾನೇ ಬೆಳೆಯುವ ಚಿಕ್ಕದು ನಾಯಿನೇರಳೆ ಎಂದು ಜನ ಗುರುತಿಸುತ್ತಾರೆ. ನಾಯಿನೇರಳೆಯಲ್ಲಿ ತಿರುಳು ಕಡಿಮೆ, ಒಗರು ಹೆಚ್ಚು.

ತಿಂದವರ ನಾಲಿಗೆಯನ್ನು ನೀಲಿ ಮಾಡುವ ಬಣ್ಣವೇ ಆಂಥೋಸಯನಿನ್. ಬ್ಲೂಬೆರ್ರಿಗೆ ಜಗತ್ತಿನಾದ್ಯಂತ ಹೆಸರು ತಂದುಕೊಟ್ಟದ್ದೂ ಇದೇ ವರ್ಗದ ದ್ರವ್ಯ. ಡೆಲ್ಫಿನಿಡಿನ್, ಪೆಟುನಿಡಿನ್, ಮಾಲ್ವಿಡಿನ್ ಎಂಬ ಮೂರು ಮೂಲ ಬಣ್ಣದ್ರವ್ಯಗಳು ನೇರಳೆಯಲ್ಲಿ ಮುಖ್ಯವಾಗಿವೆ. ಅವು ಹೆಚ್ಚಾಗಿ ಸಿಪ್ಪೆಯಲ್ಲಿರುವುದರಿಂದ ಸಿಪ್ಪೆ ಸಹಿತ ತಿನ್ನುವುದೇ ಸರಿ. ವಿಟಮಿನ್ 'ಸಿ' ಮಾತ್ರ ಇದರಲ್ಲಿ ಸಾಧಾರಣ. ಹಳೆಯ ಕೋಷ್ಟಕದ ಪ್ರಕಾರ 100 ಗ್ರಾಂಗೆ 18 ಮಿಲಿಗ್ರಾಂ.

ನೇರಳೆ ಬೀಜದ ಪುಡಿ ಮಧುಮೇಹವನ್ನು ಗುಣಪಡಿಸುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಪ್ರಾಣಿಗಳ ಮೇಲಿನ ಹಲವು ಪ್ರಯೋಗಗಳಲ್ಲಿ ಬೀಜದ ಸಾರ ರಕ್ತದ ಸಕ್ಕರೆಯನ್ನು ತಗ್ಗಿಸಿದ್ದು ನಿಜ. ಆದರೆ ಇಲಿಯ ಮೇಲಿನ ಫಲಿತಾಂಶ ಮನುಷ್ಯನಿಗೂ ಅನ್ವಯಿಸಬೇಕೆಂದಿಲ್ಲ. ಬ್ರೆಜಿಲ್ ದೇಶದಲ್ಲಿ ನೇರಳೆ ಎಲೆಯ ಕಷಾಯವನ್ನು ಮಧುಮೇಹಿಗಳ ಮೇಲೆ ಕ್ರಮಬದ್ಧವಾಗಿ ಪರೀಕ್ಷಿಸಿದಾಗ ಸಕ್ಕರೆ ಇಳಿಯಲಿಲ್ಲ. ಆದ್ದರಿಂದ ಇನ್ಸುಲಿನ್ ಅಥವಾ ಮಾತ್ರೆ ನಿಲ್ಲಿಸಿ ನೇರಳೆ ಬೀಜವನ್ನೇ ನಂಬುವುದು ಅಪಾಯಕಾರಿ. ಔಷಧದೊಡನೆ ಪುಡಿಯನ್ನೂ ಸೇವಿಸಿ ಸಕ್ಕರೆ ಅತಿಯಾಗಿ ಕುಸಿಯುವ ಸಂಭವವೂ ಇರುವುದರಿಂದ ವೈದ್ಯರಿಗೆ ತಿಳಿಸಿಯೇ ಬಳಸಬೇಕು.

ಕವಳೆ

ಮುಳ್ಳಿನ ಪೊದೆಯಾಗಿ ಬೇಲಿಗೂ ಬೆಟ್ಟಕ್ಕೂ ಸಲ್ಲುವ ಕವಳೆ ಬಯಲುಸೀಮೆಯ ಮಕ್ಕಳ ಅಚ್ಚುಮೆಚ್ಚಿನ ಹಣ್ಣು. ಕ್ಯಾರಿಸ್ಸಾ ಕುಲಕ್ಕೆ ಸೇರಿದ ಇದನ್ನು ಕವಳಿ, ಕರ್ಜಿಕಾಯಿ ಎಂದೂ ಕರೆಯುವುದುಂಟು. ಬೇಸಿಗೆಯಲ್ಲಿ ಮಲ್ಲಿಗೆಯನ್ನು ಹೋಲುವ ಬಿಳಿಯ ಹೂ ಬಿಟ್ಟು, ಮುಂಗಾರಿನ ಹೊತ್ತಿಗೆ ಹಣ್ಣು ಕಪ್ಪಾಗುತ್ತದೆ. ಎಳೆಗಾಯಿ ಕಿತ್ತಾಗ ಹಾಲಿನಂತಹ ಅಂಟು ಸೋರುತ್ತದೆ. ಉಪ್ಪುನೀರಿನಲ್ಲಿ ನೆನೆಸಿ ಉಪ್ಪಿನಕಾಯಿ ಹಾಕುವ ಪದ್ಧತಿ ಹಳ್ಳಿಗಳಲ್ಲಿ ಇಂದಿಗೂ ಇದೆ.

ಹಣ್ಣಾದ ಕವಳೆಯಲ್ಲಿ ಆಂಥೋಸಯನಿನ್, ವಿಟಮಿನ್ 'ಸಿ', ಪೆಕ್ಟಿನ್ ನಾರು ಇವೆ. ಪೆಕ್ಟಿನ್ ಇರುವ ಕಾರಣ ಜೆಲ್ಲಿ, ಜಾಮ್ ತಯಾರಿಕೆಗೆ ಇದು ಹೇಳಿ ಮಾಡಿಸಿದಂತಹ ಹಣ್ಣು. ಒಣಗಿಸಿದ ಕವಳೆಯ 100 ಗ್ರಾಂನಲ್ಲಿ 39.1 ಮಿಲಿಗ್ರಾಂ ಕಬ್ಬಿಣವಿದೆ ಎಂದು ಹಳೆಯ ಕೋಷ್ಟಕ ಹೇಳುತ್ತದೆ. ಹಲವು ಆಹಾರಗಳ ಹಳೆಯ ಕಬ್ಬಿಣದ ಅಂಕಿಗಳು ನಂತರದ ಪರೀಕ್ಷೆಗಳಲ್ಲಿ ಇಳಿದಿರುವುದರಿಂದ ಈ ಸಂಖ್ಯೆಯನ್ನು ಯಥಾವತ್ತಾಗಿ ನಂಬುವುದು ಸರಿಯಲ್ಲ. ಅಲ್ಲದೆ ಇದು ನೀರು ಹೋದ ಒಣ ಹಣ್ಣಿನ ಲೆಕ್ಕ ಎಂಬುದನ್ನೂ ಗಮನಿಸಬೇಕು. ಪೇಟೆಯಲ್ಲಿ ಸಕ್ಕರೆ ಪಾಕ, ಕೃತಕ ಬಣ್ಣ ಸೇರಿಸಿ ಚೆರ್ರಿ ಹಣ್ಣಿನ ಬದಲಿಗೆ ಮಾರುವ ಕೆಂಪು ಗೋಲಿಗಳು ಅನೇಕ ವೇಳೆ ಕವಳೆಕಾಯಿಗಳೇ. ಅವುಗಳಲ್ಲಿ ಮೂಲ ಪೋಷಕಾಂಶ ನಿರೀಕ್ಷಿಸುವಂತಿಲ್ಲ.

ಎಲಚಿ ಮತ್ತು ಸೂರಿಮುಳ್ಳು

ಮಕರ ಸಂಕ್ರಾಂತಿಯಂದು ಎಲಚಿಹಣ್ಣು, ಕಬ್ಬಿನ ಚೂರು, ಕಾಸುಗಳನ್ನು ಮಕ್ಕಳ ತಲೆಯ ಮೇಲೆ ಎರೆಯುವ ಪದ್ಧತಿ ಹಳೆ ಮೈಸೂರು ಭಾಗದಲ್ಲಿದೆ. ಚಳಿಗಾಲದಲ್ಲಿ ಹಣ್ಣಾಗುವ ಎಲಚಿಯಲ್ಲಿ 100 ಗ್ರಾಂಗೆ 76 ಮಿಲಿಗ್ರಾಂ ವಿಟಮಿನ್ 'ಸಿ' ಎಂದು ಹಳೆಯ ಕೋಷ್ಟಕದಲ್ಲಿ ನಮೂದಾಗಿದೆ. ಅದೇ ಕೋಷ್ಟಕದಲ್ಲಿ ಕಿತ್ತಳೆಯ ಅಂಕಿ 30. ಅಂದರೆ ಬೀದಿಬದಿಯ ಎಲಚಿ ಕಿತ್ತಳೆಗೆ ಎರಡು ಪಟ್ಟಿಗಿಂತ ಹೆಚ್ಚು ಬೆಲೆ ಬಾಳುತ್ತದೆ. ಇದರ ಸೋದರ ಸೂರಿಮುಳ್ಳಿನ ಗಿಡದ್ದು ಬಟಾಣಿ ಗಾತ್ರದ ಕಪ್ಪು ಹಣ್ಣು. ಕೊಕ್ಕೆ ಮುಳ್ಳಿನ ನಡುವೆ ಕೈಹಾಕುವ ಧೈರ್ಯವಿದ್ದವರಿಗೆ ಮಾತ್ರ ಲಭ್ಯ. ಎಲಚಿಯಲ್ಲಿ ಹುಳು ಸಾಮಾನ್ಯ, ಬಿಡಿಸಿ ನೋಡಿಯೇ ತಿನ್ನುವುದು ಲೇಸು.

ಚಿಕ್ಕಪುಟ್ಟ ಹಣ್ಣುಗಳು

ಈಚಲು: ಕೆರೆಯಂಗಳ, ಹಳ್ಳಗಳ ಈಚಲುಮರದ ಹಳದಿ ಗೊಂಚಲು ಬೇಸಿಗೆಯ ಕೊನೆಯಲ್ಲಿ ಕಂದುಬಣ್ಣಕ್ಕೆ ತಿರುಗಿ ಹಣ್ಣಾಗುತ್ತದೆ. ಇದು ಖರ್ಜೂರದ ಹತ್ತಿರದ ನೆಂಟ. ಸಕ್ಕರೆ, ನಾರು ಇದರ ಮುಖ್ಯ ಬಲ.

ಗುಪ್ಪಟೆ ಅಥವಾ ಬುಡ್ಡೆಹಣ್ಣು: ಕಾಗದದ ಲಾಟೀನಿನಂತಹ ಹೊದಿಕೆಯೊಳಗೆ ಅಡಗಿರುವ ಹಳದಿ ಹಣ್ಣು. ಮಳೆಗಾಲದಲ್ಲಿ ಹೊಲಗಳಲ್ಲಿ ಕಳೆಯಾಗಿ ಬೆಳೆಯುತ್ತದೆ. ಕ್ಯಾರೊಟಿನಾಯ್ಡ್ ಇದರ ಬಣ್ಣಕ್ಕೆ ಕಾರಣ. ಹಸಿರು ಕಾಯಿ ತಿನ್ನಬಾರದು.

ಗಣಿಕೆ: ಸೊಪ್ಪಿಗೆ ಹೆಸರಾದ ಈ ಗಿಡದ ಪೂರ್ತಿ ಮಾಗಿದ ಕಪ್ಪು ಹಣ್ಣನ್ನು ಹಳ್ಳಿಯ ಮಕ್ಕಳು ತಿನ್ನುತ್ತಾರೆ. ಹಸಿರು ಕಾಯಿಯಲ್ಲಿ ಸೊಲನಿನ್ ಎಂಬ ವಿಷವಿದೆ.

ಕಾರೆ, ತೂಬರೆ, ಬಿಕ್ಕೆ: ಕುರುಚಲು ಕಾಡಿನ ಈ ಹಣ್ಣುಗಳು ಪೇಟೆಗೆ ಬರುವುದೇ ಇಲ್ಲ. ದನಗಾಹಿಗಳು, ಸೌದೆ ತರುವವರು ಹಸಿವಿಗೆ ತಿನ್ನುವ ಹಣ್ಣುಗಳಿವು.

ಚಳ್ಳೆ: ಗೊಂಚಲಾಗಿ ಬಿಡುವ, ಅಂಟು ತಿರುಳಿನ ಹಣ್ಣು. ಮೋಸ ಮಾಡುವುದಕ್ಕೆ 'ಚಳ್ಳೆಹಣ್ಣು ತಿನ್ನಿಸುವುದು' ಎಂಬ ನುಡಿಗಟ್ಟು ಹುಟ್ಟಿದ್ದು ಇದರಿಂದಲೇ. ಎಳೆಯ ಕಾಯಿ ಉಪ್ಪಿನಕಾಯಿಗೆ ಯೋಗ್ಯ.

ಪಾಪಾಸುಕಳ್ಳಿ: ಮೂಲತಃ ಅಮೆರಿಕ ಖಂಡದಿಂದ ಬಂದ ಗಿಡ. ಇದರ ಕೆನ್ನೀಲಿ ಹಣ್ಣಿನ ಬಣ್ಣ ಆಂಥೋಸಯನಿನ್ ಅಲ್ಲ, ಬೀಟ್‌ರೂಟಿನಲ್ಲಿರುವಂತಹ ಬೀಟಲೈನ್. ಇದೂ ಉತ್ತಮ ಉತ್ಕರ್ಷಣ ನಿರೋಧಕ. ಕಣ್ಣಿಗೆ ಕಾಣದ ಸೂಕ್ಷ್ಮ ಮುಳ್ಳುಗಳನ್ನು ಪೂರ್ತಿ ತೆಗೆಯದೆ ಬಾಯಿಗಿಡಬಾರದು.

ಗುಬ್ಬಿಯ ಹಲಸು ಕಲಿಸಿದ ಪಾಠ

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ಸುಳ್ಳು ಮಾಡಿದ ಉದಾಹರಣೆ ಗುಬ್ಬಿ ತಾಲ್ಲೂಕಿನಲ್ಲಿಯೇ ಇದೆ. ಚೇಳೂರಿನ ರೈತರೊಬ್ಬರ ತೋಟದಲ್ಲಿ ದಶಕಗಳಿಂದ ಇದ್ದ ಹಲಸಿನ ಮರವೊಂದರ ಹಣ್ಣು ಗಾತ್ರದಲ್ಲಿ ಚಿಕ್ಕದು, ತೊಳೆ ತಾಮ್ರಗೆಂಪು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು, ತುಮಕೂರು ತಾಲ್ಲೂಕಿನ ಹಿರೇಹಳ್ಳಿಯಲ್ಲಿರುವ ಸಂಸ್ಥೆಯ ಕೇಂದ್ರದ ಮೂಲಕ, ಇದನ್ನು ಪರೀಕ್ಷಿಸಿದಾಗ ಲೈಕೋಪಿನ್ ಮತ್ತು ಇತರ ಕ್ಯಾರೊಟಿನಾಯ್ಡ್‌ಗಳ ಪ್ರಮಾಣ ಸಾಮಾನ್ಯ ಹಲಸಿಗಿಂತ ಬಹಳ ಹೆಚ್ಚಿರುವುದು ಕಂಡುಬಂತು. ರೈತರ ತಂದೆಯ ಹೆಸರಿನಿಂದ ಇದಕ್ಕೆ 'ಸಿದ್ದು' ಎಂದು ನಾಮಕರಣವಾಯಿತು. 2017ರಲ್ಲಿ ಸಂಸ್ಥೆ ಮತ್ತು ರೈತರ ನಡುವೆ ಒಪ್ಪಂದವಾಗಿ, ಕಸಿ ಸಸಿಗಳ ಮಾರಾಟದಿಂದ ಮರದ ಒಡೆಯರಿಗೂ ಆದಾಯ ಬರುವ ವ್ಯವಸ್ಥೆ ರೂಪುಗೊಂಡಿತು.

ಹಲಸು ಬೆರ್ರಿಯಲ್ಲ, ಸಿದ್ದು ಕಾಡುಮರವೂ ಅಲ್ಲ. ಆದರೂ ಇದರ ಪಾಠ ಕಾಡುಹಣ್ಣುಗಳಿಗೂ ಅನ್ವಯ. ಒಂದೇ ಜಾತಿಯ ಎರಡು ಮರಗಳ ಹಣ್ಣಿನಲ್ಲಿ ಪೋಷಕಾಂಶ ಒಂದೇ ಸಮನಾಗಿರುವುದಿಲ್ಲ. ಬೆಟ್ಟದ ಯಾವುದೋ ಮೂಲೆಯ ನೆಲ್ಲಿ, ಕೆರೆ ಏರಿಯ ಯಾವುದೋ ನೇರಳೆ ಅಸಾಧಾರಣ ಗುಣ ಹೊಂದಿರಬಹುದು. ಪರೀಕ್ಷೆಗೆ ಮುನ್ನವೇ ಕೊಡಲಿಗೆ ಬಲಿಯಾದ ಮರದ ಗುಣ ಯಾರಿಗೂ ತಿಳಿಯುವುದಿಲ್ಲ.

ಮುದ್ದೆಯ ಜೊತೆಗೆ ನೆಲ್ಲಿ

ಈ ಹಣ್ಣುಗಳ ವಿಷಯ ಕೇವಲ ರುಚಿಯದ್ದಲ್ಲ. 2019-21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದೊಳಗಿನ ಮಹಿಳೆಯರ ಪೈಕಿ ಶೇ 47.8ರಷ್ಟು ಮಂದಿ ರಕ್ತಹೀನತೆಯಿಂದ ಬಳಲುತ್ತಿದ್ದಾರೆ. 6 ತಿಂಗಳಿನಿಂದ 5 ವರ್ಷದೊಳಗಿನ ಮಕ್ಕಳಲ್ಲಿ ಈ ಪ್ರಮಾಣ ಶೇ 65.5. ಅಂದರೆ ರಾಜ್ಯದ ಪ್ರತಿ ಮೂರು ಮಕ್ಕಳಲ್ಲಿ ಸುಮಾರು ಇಬ್ಬರಿಗೆ ರಕ್ತಹೀನತೆ.

ತುಮಕೂರು ರಾಗಿ ಉಣ್ಣುವ ಜಿಲ್ಲೆ. 100 ಗ್ರಾಂ ರಾಗಿಯಲ್ಲಿ ಸುಮಾರು 364 ಮಿಲಿಗ್ರಾಂ ಸುಣ್ಣದಂಶ, 4.6 ಮಿಲಿಗ್ರಾಂ ಕಬ್ಬಿಣ ಇದೆ. ಆದರೆ ಧಾನ್ಯ, ಸೊಪ್ಪು, ಕಾಳುಗಳಲ್ಲಿರುವ ಕಬ್ಬಿಣವನ್ನು ಕರುಳು ಸುಲಭವಾಗಿ ಹೀರಿಕೊಳ್ಳುವುದಿಲ್ಲ. ಧಾನ್ಯದಲ್ಲಿರುವ ಫೈಟೇಟ್ ಮತ್ತು ಟ್ಯಾನಿನ್ ಅದನ್ನು ಕಟ್ಟಿಹಾಕುತ್ತವೆ. ವಿಟಮಿನ್ 'ಸಿ' ಈ ಕಬ್ಬಿಣವನ್ನು ಕರುಳು ಹೀರಬಲ್ಲ ರೂಪಕ್ಕೆ ಪರಿವರ್ತಿಸುತ್ತದೆ. ಇದು ಪೌಷ್ಟಿಕತಾ ವಿಜ್ಞಾನದಲ್ಲಿ ಚೆನ್ನಾಗಿ ಸ್ಥಾಪಿತವಾದ ಸಂಗತಿ.

ಆದರೆ ಎರಡೂ ಒಂದೇ ಹೊತ್ತಿನ ಊಟದಲ್ಲಿ ಹೊಟ್ಟೆ ಸೇರಬೇಕು. ಬೆಳಗ್ಗೆ ನೆಲ್ಲಿ ತಿಂದು ರಾತ್ರಿ ಮುದ್ದೆ ಉಂಡರೆ ಈ ಪ್ರಯೋಜನ ಸಿಗದು. ಮುದ್ದೆ, ಬಸ್ಸಾರಿನ ಜೊತೆಗೆ ಹಸಿ ನೆಲ್ಲಿಯ ಚಟ್ನಿ, ನೆಲ್ಲಿ ಇಲ್ಲದ ಕಾಲದಲ್ಲಿ ನಿಂಬೆರಸ, ಊಟದ ಕೊನೆಗೆ ಸೀಬೆ ಅಥವಾ ಎಲಚಿ ಇದ್ದರೆ ಸಾಕು. ಊಟವಾದ ಕೂಡಲೇ ಕಾಫಿ, ಟೀ ಕುಡಿಯುವ ಅಭ್ಯಾಸ ಕಬ್ಬಿಣದ ಹೀರಿಕೆಗೆ ಅಡ್ಡಿ. ಕನಿಷ್ಠ ಒಂದು ಗಂಟೆಯ ಅಂತರ ಒಳ್ಳೆಯದು.

ವಯಸ್ಕ ಮಹಿಳೆಗೆ ದಿನಕ್ಕೆ 29 ಮಿಲಿಗ್ರಾಂ ಕಬ್ಬಿಣ ಬೇಕೆಂಬುದು 2020ರ ಶಿಫಾರಸು. ತೀವ್ರ ರಕ್ತಹೀನತೆ ಇರುವವರಿಗೆ ಹಣ್ಣು ಮಾತ್ರ ಪರಿಹಾರವಲ್ಲ. ಗರ್ಭಿಣಿಯರು ವೈದ್ಯರು ನೀಡಿದ ಕಬ್ಬಿಣದ ಮಾತ್ರೆಗಳನ್ನು ತಪ್ಪದೆ ಸೇವಿಸಬೇಕು. ಹಣ್ಣು ಮಾತ್ರೆಗೆ ಸಹಾಯಕವೇ ಹೊರತು ಬದಲಿಯಲ್ಲ.

ಘೋಷಣೆ ಮತ್ತು ವಾಸ್ತವ

ಹಣ್ಣಿನ ಉತ್ಕರ್ಷಣ ನಿರೋಧಕ ಶಕ್ತಿಯನ್ನು ಪ್ರಯೋಗಾಲಯದ ನಳಿಕೆಯಲ್ಲಿ ಅಳೆದು ಅಂಕ ನೀಡುವ ಪದ್ಧತಿ ಒಂದು ಕಾಲದಲ್ಲಿ ಬಹಳ ಜನಪ್ರಿಯವಾಗಿತ್ತು. ಅಮೆರಿಕದ ಕೃಷಿ ಇಲಾಖೆ 'ಓರ್ಯಾಕ್' ಎಂಬ ಇಂತಹ ಅಂಕಪಟ್ಟಿಯನ್ನೇ ಪ್ರಕಟಿಸಿತ್ತು. ಆದರೆ ನಳಿಕೆಯೊಳಗಿನ ಅಂಕಕ್ಕೂ ಶರೀರದೊಳಗಿನ ಪರಿಣಾಮಕ್ಕೂ ನೇರ ಸಂಬಂಧವಿಲ್ಲ, ಕಂಪನಿಗಳು ಪ್ರಚಾರಕ್ಕೆ ಇದನ್ನು ದುರುಪಯೋಗ ಮಾಡಿಕೊಳ್ಳುತ್ತಿವೆ ಎಂಬ ಕಾರಣದಿಂದ 2012ರಲ್ಲಿ ಇಲಾಖೆಯೇ ಅದನ್ನು ಹಿಂತೆಗೆದುಕೊಂಡಿತು.

ಉತ್ಕರ್ಷಣ ನಿರೋಧಕವನ್ನು ಮಾತ್ರೆಯಾಗಿ ನುಂಗಿದರೆ ಹೆಚ್ಚು ಲಾಭ ಎಂಬ ಭಾವನೆಗೂ ಪೆಟ್ಟು ಬಿದ್ದಿದೆ. ಫಿನ್ಲೆಂಡಿನ ಧೂಮಪಾನಿಗಳಿಗೆ ಬೀಟಾ ಕ್ಯಾರೊಟಿನ್ ಮಾತ್ರೆ ನೀಡಿ ನಡೆಸಿದ ದೊಡ್ಡ ಅಧ್ಯಯನದ ಫಲಿತಾಂಶ 1994ರಲ್ಲಿ ಪ್ರಕಟವಾಯಿತು. ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗುವ ಬದಲು ಶೇ 18ರಷ್ಟು ಹೆಚ್ಚಾಗಿತ್ತು. ಇಡೀ ಹಣ್ಣಿನಲ್ಲಿ ನಾರು, ವಿಟಮಿನ್, ಖನಿಜ, ಬಣ್ಣದ್ರವ್ಯಗಳು ಮಿತವಾದ ಪ್ರಮಾಣದಲ್ಲಿ ಒಟ್ಟಾಗಿರುತ್ತವೆ. ಒಂದನ್ನೇ ಬೇರ್ಪಡಿಸಿ ಅತಿಯಾಗಿ ಸೇವಿಸುವುದು ಅದಕ್ಕೆ ಸಮನಾಗದು. 'ಕ್ಯಾನ್ಸರ್ ಗುಣಪಡಿಸುವ ಹಣ್ಣು', 'ಮಧುಮೇಹ ಓಡಿಸುವ ಬೀಜ' ಎಂಬ ಜಾಹೀರಾತುಗಳನ್ನು ಓದುಗರು ಸಂಶಯದಿಂದ ನೋಡುವುದು ಕ್ಷೇಮ.

ಮುಟ್ಟಬಾರದ ಹಣ್ಣುಗಳು

ಕಾಡುಹಣ್ಣಿನ ಪರಿಚಯವಿಲ್ಲದ ನಗರದ ಮಕ್ಕಳು ಪ್ರವಾಸದ ವೇಳೆ ಬಣ್ಣಕ್ಕೆ ಮರುಳಾಗಿ ಅಪಾಯಕ್ಕೆ ಸಿಲುಕುವುದುಂಟು. ಈ ಕೆಳಗಿನವುಗಳ ಬಗ್ಗೆ ಎಚ್ಚರ ಅಗತ್ಯ.

ಗುಲಗಂಜಿ: ಕೆಂಪು ಕಪ್ಪು ಬಣ್ಣದ ಸುಂದರ ಬೀಜ. ಇದರಲ್ಲಿರುವ ಏಬ್ರಿನ್ ತೀವ್ರ ವಿಷ. ಜಗಿದು ನುಂಗಿದರೆ ಪ್ರಾಣಾಪಾಯ.

ಕಾಡುಹರಳು: ಬೇಲಿಗೆ ನೆಡುವ, ಜೈವಿಕ ಇಂಧನಕ್ಕೆಂದು ಪ್ರಚಾರ ಪಡೆದ ಜಟ್ರೋಫಾ ಗಿಡ. ಬೀಜ ಕಡಲೆಬೀಜದಂತೆ ರುಚಿಸುವುದರಿಂದ ಮಕ್ಕಳು ಗುಂಪಾಗಿ ತಿಂದು ವಾಂತಿ, ಭೇದಿಯಿಂದ ಆಸ್ಪತ್ರೆ ಸೇರುತ್ತಾರೆ.

ಲಂಟಾನ: ಎಲ್ಲೆಡೆ ಹಬ್ಬಿರುವ ವಿದೇಶಿ ಪೊದೆ. ಕಪ್ಪಾಗಿ ಮಾಗಿದ ಹಣ್ಣನ್ನು ಮಕ್ಕಳು ತಿನ್ನುವುದುಂಟಾದರೂ ಹಸಿರು ಕಾಯಿ ವಿಷಕಾರಿ. ಎಲೆ ಮೇಯ್ದ ಜಾನುವಾರುಗಳ ಯಕೃತ್ತಿಗೆ ಹಾನಿಯಾಗುತ್ತದೆ.

ದತ್ತೂರ: ಮುಳ್ಳಿನ ಕಾಯಿಯ ಬೀಜ ಭ್ರಮೆ, ಉನ್ಮಾದ ಉಂಟುಮಾಡುತ್ತದೆ.

ಸಂಶಯವಿದ್ದ ಹಣ್ಣನ್ನು 'ಸ್ವಲ್ಪ ರುಚಿ ನೋಡೋಣ' ಎಂದು ಬಾಯಿಗಿಡಬಾರದು. ಹಕ್ಕಿ ತಿಂದ ಹಣ್ಣು ಮನುಷ್ಯರಿಗೂ ಸುರಕ್ಷಿತ ಎಂಬುದು ತಪ್ಪು ಕಲ್ಪನೆ. ಅಕಸ್ಮಾತ್ ತಿಂದಲ್ಲಿ ಬಲವಂತವಾಗಿ ವಾಂತಿ ಮಾಡಿಸದೆ, ಉಳಿದ ಹಣ್ಣು ಅಥವಾ ಎಲೆಯ ಮಾದರಿಯೊಂದಿಗೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ತುರ್ತು ವಾಹನಕ್ಕೆ 108ಕ್ಕೆ ಕರೆ ಮಾಡಬಹುದು. ರಸ್ತೆಬದಿಯ, ಕೀಟನಾಶಕ ಸಿಂಪಡಿಸಿದ ತೋಟದಂಚಿನ ಹಣ್ಣುಗಳನ್ನು ತೊಳೆಯದೆ ತಿನ್ನಬಾರದು. ಮೂತ್ರಪಿಂಡದ ಕಲ್ಲಿನ ತೊಂದರೆ ಇರುವವರು ವಿಟಮಿನ್ 'ಸಿ' ಮಾತ್ರೆ, ಸಾಂದ್ರ ರಸಗಳನ್ನು ಅತಿಯಾಗಿ ಸೇವಿಸುವುದು ತರವಲ್ಲ.

ಯಾವ ಕಾಲಕ್ಕೆ ಯಾವ ಹಣ್ಣು?

ಅಕ್ಟೋಬರ್‌ನಿಂದ ಜನವರಿ: ಬೆಟ್ಟದ ನೆಲ್ಲಿ
ಡಿಸೆಂಬರ್‌ನಿಂದ ಫೆಬ್ರವರಿ: ಎಲಚಿ
ಏಪ್ರಿಲ್, ಮೇ: ತೂಬರೆ
ಮೇ, ಜೂನ್: ಈಚಲು
ಮೇ ತಿಂಗಳಿನಿಂದ ಆಗಸ್ಟ್: ಕವಳೆ
ಜೂನ್, ಜುಲೈ: ನೇರಳೆ
ಮಳೆಗಾಲದುದ್ದಕ್ಕೂ: ಗುಪ್ಪಟೆ, ಗಣಿಕೆ

ಮಳೆಯ ಏರುಪೇರಿಗೆ ಅನುಗುಣವಾಗಿ ಈ ಅವಧಿ ಹಿಂದುಮುಂದಾಗುವುದುಂಟು.

ಬೇಲಿ ಹೋದರೆ ಹಣ್ಣೂ ಹೋಗುತ್ತದೆ

ಕಾಡುಹಣ್ಣಿನ ಗಿಡಗಳಿಗೆ ಆಶ್ರಯವಾಗಿದ್ದ ಜೀವಂತ ಬೇಲಿಗಳ ಜಾಗವನ್ನು ಕಲ್ಲುಕಂಬ, ತಂತಿ ಆಕ್ರಮಿಸಿವೆ. ಹಲವೆಡೆ ಕಾವಲು, ಗೋಮಾಳಗಳಲ್ಲಿ ನೀಲಗಿರಿ, ಅಕೇಶಿಯ ನೆಡುತೋಪುಗಳು ಬಂದವು. ನಗರದ ಸುತ್ತ ಬಡಾವಣೆ, ಕೈಗಾರಿಕಾ ಪ್ರದೇಶಗಳು ವಿಸ್ತರಿಸಿವೆ. ಬೆಟ್ಟಗಳಿಗೆ ಬೇಸಿಗೆಯಲ್ಲಿ ಬೀಳುವ ಬೆಂಕಿ ಎಳೆಯ ನೆಲ್ಲಿ, ಕವಳೆ ಸಸಿಗಳನ್ನು ಸುಡುತ್ತದೆ. ಉಳಿದ ಜಾಗವನ್ನು ಲಂಟಾನ ಕಬಳಿಸುತ್ತಿದೆ.

ಕಾಯಿ ಕೀಳಲು ನೆಲ್ಲಿಮರದ ಕೊಂಬೆಯನ್ನೇ ಕಡಿಯುವ ಪದ್ಧತಿಯೂ ನಿಲ್ಲಬೇಕಾಗಿದೆ. ಸಂರಕ್ಷಿತ ಅರಣ್ಯದಿಂದ ಅನುಮತಿಯಿಲ್ಲದೆ ಉತ್ಪನ್ನ ಸಂಗ್ರಹಿಸುವುದು ಕಾನೂನಿಗೆ ವಿರುದ್ಧ. ಅರಣ್ಯವಾಸಿಗಳಿಗೆ ಕಿರು ಅರಣ್ಯ ಉತ್ಪನ್ನದ ಮೇಲಿನ ಹಕ್ಕನ್ನು 2006ರ ಅರಣ್ಯ ಹಕ್ಕು ಕಾಯ್ದೆ ಮಾನ್ಯ ಮಾಡಿದೆ. ಕೇಂದ್ರ ಸರ್ಕಾರ ಕನಿಷ್ಠ ಬೆಂಬಲ ಬೆಲೆ ನಿಗದಿಪಡಿಸಿದ ಕಿರು ಅರಣ್ಯ ಉತ್ಪನ್ನಗಳ ಪಟ್ಟಿಯಲ್ಲಿ ಒಣಗಿಸಿದ ನೆಲ್ಲಿ ಮತ್ತು ನೇರಳೆ ಬೀಜ ಸೇರಿವೆ.

ಇನ್ನೊಂದು ಸಂಗತಿಯನ್ನೂ ಮರೆಯುವಂತಿಲ್ಲ. ತುಮಕೂರು ಜಿಲ್ಲೆಯ ಕಲ್ಲುಬೆಟ್ಟಗಳು ಕರಡಿಗಳ ನೆಲೆ. ಎಲಚಿ, ನೇರಳೆ, ಈಚಲು, ಚಳ್ಳೆ ಇವೆಲ್ಲ ಕರಡಿಯ ಆಹಾರ. ಬೆಟ್ಟದಲ್ಲಿ ಹಣ್ಣು ಕಡಿಮೆಯಾದಂತೆ ಕರಡಿ ಹೊಲ, ತೋಟಗಳತ್ತ ಇಳಿಯುವ ಸಂಭವ ಹೆಚ್ಚು. ಪಿಕಳಾರ, ಕೋಗಿಲೆಯಂತಹ ಹಕ್ಕಿಗಳು ಹಣ್ಣು ತಿಂದು ಬೀಜ ಪಸರಿಸುವುದರಿಂದಲೇ ಕಾಡು ಮರುಹುಟ್ಟು ಪಡೆಯುತ್ತದೆ. ಬೆಟ್ಟದ ಹಣ್ಣನ್ನು ಪೂರ್ತಿ ದೋಚಿ ಪೇಟೆಗೆ ತರುವುದು ಈ ಸಮಸ್ಯೆಗೆ ಉತ್ತರವಲ್ಲ.

ಉತ್ತರ ಇರುವುದು ಹಿತ್ತಲು, ಹೊಲದ ಬದು, ಶಾಲೆಯ ಅಂಗಳ, ಕೆರೆ ಏರಿ, ಉದ್ಯಾನಗಳಲ್ಲಿ. ನೆಲ್ಲಿ, ನೇರಳೆ, ಎಲಚಿ ಅಲ್ಪ ನೀರಿನಲ್ಲಿ ಬೆಳೆಯುವ ಗಿಡಗಳು. ಕವಳೆ ಹಣ್ಣೂ ಕೊಡುತ್ತದೆ, ದನ ನುಗ್ಗದ ಬೇಲಿಯೂ ಆಗುತ್ತದೆ. ಒಂದು ನೆಲ್ಲಿ ಸಸಿ ನೆಟ್ಟು ಎರಡು ಬೇಸಿಗೆ ನೀರುಣಿಸಿದರೆ ಮುಂದೆ ತಾನೇ ಬದುಕುತ್ತದೆ. ಅದರ ಕಾಯಿ ಶಾಲೆಯ ಮಧ್ಯಾಹ್ನದ ಊಟದ ತಟ್ಟೆ ಸೇರಿದರೆ, ಬೆಟ್ಟದ ಹಣ್ಣು ಬೆಟ್ಟದ ಜೀವಿಗಳಿಗೂ ಉಳಿಯುತ್ತದೆ, ಊರಿನ ಮಕ್ಕಳ ರಕ್ತಕ್ಕೂ ಬಲ ಬರುತ್ತದೆ.